ನೀರಿಗೊಬ್ಬ ಕಾವಲುಗಾರ, ಉಪ್ಪಿಗೊಬ್ಬ ಕಾವಲುಗಾರ



ಗಡಿನಾಡಿನ ನಮಗೆ ಒಂದೊಂದು ವಸ್ತುವಿಗೂ ಎರಡೆರಡು ಹೆಸರು. ಉಪ್ಪಿನ ವಿಷಯದಲ್ಲಿ ಅಷ್ಟು ತೊಡಕಿಲ್ಲ. ಕನ್ನಡ, ತಮಿಳು, ತೆಲುಗು, ಮಲಯಾಳ, ಎಲ್ಲದರಲ್ಲೂ ಅದು ಉಪ್ಪೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯವರು ಮಾತ್ರ ಪೇಟೆಯಲ್ಲಿ 'ಮೀಠ' ಎಂದು ಕೇಳಬೇಕು. ಹೆಸರು ಏನೇ ಇರಲಿ, ಮೈಯೊಳಗೆ ಅದರ ದೊಡ್ಡ ಕೆಲಸ ನೀರನ್ನು ಹಿಡಿದಿಡುವುದು.

ಅರವತ್ತು ಕಿಲೋ ತೂಕದ ಗಂಡಸಿನ ಮೈಯಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ. ಮೂರರಲ್ಲಿ ಎರಡು ಪಾಲು ಜೀವಕೋಶಗಳ ಒಳಗೆ. ಉಳಿದ ಒಂದು ಪಾಲು ಹೊರಗೆ, ಅಂದರೆ ರಕ್ತದಲ್ಲಿ ಮತ್ತು ಕೋಶಗಳ ಸಂದುಗಳಲ್ಲಿ. ಅಡುಗೆ ಉಪ್ಪಿನ ಸೋಡಿಯಂ ಹೆಚ್ಚಾಗಿ ಇರುವುದು ಈ ಹೊರಗಿನ ಪಾಲಿನಲ್ಲೇ. ಉಪ್ಪು ಹೆಚ್ಚಿದ್ದ ಕಡೆಗೆ ನೀರು ಸರಿಯುತ್ತದೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಡುವುದನ್ನು ಉಪ್ಪಿನಕಾಯಿ ಹಾಕುವ ತಾಯಂದಿರೆಲ್ಲ ಬಲ್ಲರು. ಆದ್ದರಿಂದ ಮೈಯಲ್ಲಿ ಎಷ್ಟು ಸೋಡಿಯಂ ಇದೆಯೋ ಅದರ ಮೇಲೆ ರಕ್ತದ ಪ್ರಮಾಣ ನಿಂತಿದೆ.

ಇದನ್ನು ನೋಡಿಕೊಳ್ಳಲು ದೇಹದಲ್ಲಿ ಇಬ್ಬರು ಕಾವಲುಗಾರರು ಇದ್ದಾರೆ ಎನ್ನೋಣ. ಮೊದಲನೆಯವನ ಠಾಣೆ ಮಿದುಳಿನ ತಳಭಾಗ. ಸಾರಿನ ರುಚಿ ನೋಡುವಂತೆ ಇವನು ರಕ್ತದ ಉಪ್ಪಿನ ಹದವನ್ನು ನೋಡುತ್ತಾನೆ. ಹದ ನೂರಕ್ಕೆ ಒಂದೆರಡು ಪಾಲು ಏರಿದರೆ ಸಾಕು, ಬಾಯಾರಿಕೆ ಹುಟ್ಟಿಸುತ್ತಾನೆ. ಜೊತೆಗೆ ವಾಸೊಪ್ರೆಸಿನ್ ಎಂಬ ಹಾರ್ಮೋನಿನ ಮೂಲಕ ಮೂತ್ರಪಿಂಡಗಳಿಗೆ 'ನೀರು ಬಿಡಬೇಡಿ' ಎಂದು ಹೇಳಿ ಕಳಿಸುತ್ತಾನೆ. ಬೇಸಿಗೆಯಲ್ಲಿ ಮೂತ್ರ ಕಡಿಮೆಯಾಗಿ ಹಳದಿಯಾಗುವುದು ಇದರಿಂದಲೇ.

ಎರಡನೆಯವನು ನೋಡುವುದು ಪ್ರಮಾಣವನ್ನು. ರಕ್ತದ ಪ್ರಮಾಣ ಇಳಿದರೆ ಮೂತ್ರಪಿಂಡ ರೆನಿನ್ ಎಂಬ ವಸ್ತುವನ್ನು ಬಿಡುತ್ತದೆ. ಅದರಿಂದ ಸರಪಳಿಯಂತೆ ಕೆಲಸ ನಡೆದು, ಕೊನೆಗೆ ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟಿರೋನ್ ಹೊರಟು ಸೋಡಿಯಂ ಸೋರದಂತೆ ತಡೆಯುತ್ತದೆ. ಪ್ರಮಾಣ ಮಿತಿಮೀರಿದರೆ ಹೃದಯದ ಮೇಲಿನ ಕೋಣೆಗಳು ಹಿಗ್ಗಿ, ಉಪ್ಪನ್ನು ಹೊರಹಾಕಿಸುವ ಇನ್ನೊಂದು ಹಾರ್ಮೋನನ್ನು ಬಿಡುತ್ತವೆ. ಮೂತ್ರಪಿಂಡಗಳು ದಿನಕ್ಕೆ ಸೋಸುವುದು ಸುಮಾರು 180 ಲೀಟರ್. ಹೊರಗೆ ಬಿಡುವುದು ಒಂದೂವರೆ ಎರಡು ಲೀಟರ್ ಮಾತ್ರ. ಅಷ್ಟು ಬಿಗಿ ಲೆಕ್ಕ!

ಈಗ ಹೊಲಕ್ಕೆ ಬನ್ನಿ. ಮೇ ತಿಂಗಳ ಬಿಸಿಲಿನಲ್ಲಿ ದಿನವಿಡೀ ದುಡಿದವನ ಬೆವರಿನಲ್ಲಿ ನೀರೂ ಹೋಗಿದೆ, ಉಪ್ಪೂ ಹೋಗಿದೆ. ಅವನು ಏನೂ ಉಣ್ಣದೆ ಬರೀ ನೀರನ್ನೇ ಕುಡಿದರೆ ರಕ್ತದ ಹದ ತೆಳುವಾಗುತ್ತದೆ. ಮೊದಲನೆಯ ಕಾವಲುಗಾರ 'ಸಾಕು' ಎಂದು ಬಾಯಾರಿಕೆ ನಿಲ್ಲಿಸಿ, ನೀರನ್ನು ಮೂತ್ರವಾಗಿ ಬಿಟ್ಟುಬಿಡುತ್ತಾನೆ. ದಾಹ ತೀರಿತು, ಕೊರತೆ ತೀರಲಿಲ್ಲ. ರೊಟ್ಟಿ, ಪಲ್ಯ, ಉಪ್ಪು ಹಾಕಿದ ಮಜ್ಜಿಗೆ ಹೊಟ್ಟೆಗೆ ಬಿದ್ದಾಗಲೇ ನೀರು ಮೈಯಲ್ಲಿ ನಿಲ್ಲುವುದು.

ವಾಂತಿಭೇದಿ ಹತ್ತಿದ ಮಗುವಿಗಂತೂ ಇದು ಜೀವದ ಮಾತು. ಭೇದಿಯಲ್ಲಿ ಸೋಡಿಯಂ ಸೋರಿಹೋಗುತ್ತದೆ. ಆದರೆ ಕರುಳಿನಲ್ಲಿ ಒಂದು ಬಾಗಿಲು ಆಗಲೂ ತೆರೆದಿರುತ್ತದೆ: ಗ್ಲೂಕೋಸ್ ಜೊತೆಗೆ ಬಂದರೆ ಸೋಡಿಯಂ ಒಳಗೆ ಹೋಗುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಅದೂ ನಮ್ಮ ಊರುಗಳಂತೆ ಗಡಿ ಊರೇ. ನರಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಆರೋಗ್ಯ ಕೇಂದ್ರದಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣದ ತತ್ತ್ವ ಇದೇ. ಮರಾಠಿಯಲ್ಲಿ ಇದನ್ನು 'ಜಲಸಂಜೀವನಿ' ಎನ್ನುತ್ತಾರೆ.

ಪೊಟ್ಟಣ ಸಿಗದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು ಹಾಕಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸಿ. ಉಪ್ಪು ಹೆಚ್ಚಾದರೆ ಅಪಾಯ, ಅಳತೆ ತಪ್ಪಬೇಡಿ. ಎದೆಹಾಲು, ಊಟ ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದು, ಮಗು ಮಂಕಾಗಿ, ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಇನ್ನೊಂದು ಎಚ್ಚರಿಕೆ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಲ್ಲಿ ಹೆಚ್ಚಿನ ಉಪ್ಪು ನೀರನ್ನು ಹಿಡಿದು ಕಾಲು ಬಾವು ತರುತ್ತದೆ, ಒತ್ತಡ ಏರಿಸುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದ ಒಳಗೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂಥವರು ಬೇಸಿಗೆಯಲ್ಲೂ ವೈದ್ಯರನ್ನು ಕೇಳದೆ ಉಪ್ಪು ಹೆಚ್ಚಿಸಬಾರದು.

ಕಾವಲುಗಾರರು ಹಗಲಿರುಳು ಎಚ್ಚರವಾಗಿದ್ದಾರೆ. ಅವರ ಕೈಗೆ ಬೇಕಾದ್ದನ್ನು ಬೇಕಾದಷ್ಟೇ ಕೊಡುವುದು ನಮ್ಮ ಪಾಲಿನ ಕೆಲಸ.