ವೀಸಾ ನಿರಾಕರಣೆಯ ನಂತರ: ಎರಡನೇ ಅರ್ಜಿಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ



ಕೆಲವು ವಾರಗಳ ಹಿಂದೆ ಜುಮಾ ಖುತ್ಬಾದಲ್ಲಿ ನಾವು ಸುಳ್ಳು ಸಾಕ್ಷ್ಯದ ಕುರಿತು ಮಾತನಾಡಿದ್ದೆವು. ನಮಾಝ್ ಮುಗಿದು ಜನ ಚದುರಿದ ಮೇಲೆ ಜಮಾಅತಿನ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಅವರ ಮಗಳ ನಿಕಾಹ್ ನೆರವೇರಿಸಿದವರು ನಾವೇ. ಅಳಿಯ ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಪಡೆದು ದುಡಿಯುತ್ತಿದ್ದಾನೆ. ಮದುವೆಯಾಗಿ ಮೂರು ವಾರಕ್ಕೆ ಅವನು ಕೆಲಸಕ್ಕೆ ಮರಳಿದ. ಎಂಟು ತಿಂಗಳ ಬಳಿಕ, ‘ಎರಡು ತಿಂಗಳಾದರೂ ಜೊತೆಗಿದ್ದು ಬರಲಿ’ ಎಂದು ಮಗಳಿಗೆ ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಿದರು. ಚೆನ್ನೈಯ ಕಾನ್ಸುಲೇಟಿನ ಕಿಟಕಿಯ ಮುಂದೆ ಮೂರು ನಿಮಿಷದ ಮಾತು. ಆಮೇಲೆ ಪಾಸ್‌ಪೋರ್ಟಿನ ಜೊತೆ ಒಂದು ಮುದ್ರಿತ ಕಾಗದವನ್ನು ಕೈಗಿತ್ತರು. ವೀಸಾ ಇಲ್ಲ.

ಹಿರಿಯರು ತಗ್ಗಿದ ದನಿಯಲ್ಲಿ ಹೇಳಿದರು: “ಉಸ್ತಾದರೇ, ಈ ಸಲ ಮದುವೆ ಆಗಿಲ್ಲ ಎಂದೇ ಬರೆಯುವ ಎನ್ನುತ್ತಾನೆ ಏಜೆಂಟ್. ಸಂಬಂಧಿಕರ ಮನೆಗೆ ಹೋಗುವುದು ಎಂದು ಹೇಳಿದರೆ ಸಿಗುತ್ತದಂತೆ. ಜಮಾಅತಿನಿಂದ ಒಂದು ಪತ್ರ ಕೊಡಲಿಕ್ಕೆ ಆಗುತ್ತದಾ?”

ಪತ್ರ ಕೊಡಲು ಆಗುವುದಿಲ್ಲ ಎಂದೆವು. ಎರಡು ಸಾಕ್ಷಿಗಳ ಮುಂದೆ ನಾವೇ ಓದಿಸಿದ ನಿಕಾಹನ್ನು ನಮ್ಮದೇ ಮುದ್ರೆಯಿಂದ ಅಳಿಸಲು ಸಾಧ್ಯವೇ? ಆದರೆ ‘ಆಗುವುದಿಲ್ಲ’ ಎಂದು ಹೇಳಿ ತಂದೆಯೊಬ್ಬರನ್ನು ಬರಿಗೈಯಲ್ಲಿ ಕಳುಹಿಸಿದರೆ ನಮ್ಮ ಹೊಣೆ ತೀರುವುದಿಲ್ಲ. ಈ ಕೆಲಸದ ಅನುಭವವಿರುವ ಒಬ್ಬ ಯುವಕನನ್ನು ಕರೆಸಿಕೊಂಡು, ನಿಯಮಗಳನ್ನು ಓದಿ ತಿಳಿದುಕೊಂಡೆವು. ಇದೇ ಸ್ಥಿತಿಯಲ್ಲಿರುವ ಮನೆಗಳು ಇನ್ನೂ ಇರುವುದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಆ ಕಾಗದದಲ್ಲಿ ಏನಿದೆ?

ಪ್ರವಾಸಿ ವೀಸಾ ನಿರಾಕರಿಸಿದಾಗ ಕೊಡುವ ಕಾಗದದಲ್ಲಿ ಸಾಮಾನ್ಯವಾಗಿ 214(ಬಿ) ಎಂಬ ಕಲಮಿನ ಉಲ್ಲೇಖವಿರುತ್ತದೆ. ಇದು ಅಮೆರಿಕದ 1952ರ ವಲಸೆ ಕಾಯ್ದೆಯ ಒಂದು ಕಲಮು. ಅದರ ಸಾರಾಂಶ ಇಷ್ಟೇ: ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲಿಯೇ ನೆಲೆಸಲು ಬರುವವರೆಂದು ಅಧಿಕಾರಿ ಮೊದಲೇ ಭಾವಿಸಿಕೊಳ್ಳಬೇಕು. ಹಾಗಲ್ಲ, ನಾನು ಹಿಂತಿರುಗುತ್ತೇನೆ ಎಂದು ಮನವರಿಕೆ ಮಾಡಿಕೊಡುವ ಭಾರ ಅರ್ಜಿದಾರರ ಮೇಲಿದೆ. ಕಾಗದ ಕೊಟ್ಟರೆಂದರೆ ನಮ್ಮನ್ನು ಸುಳ್ಳರೆಂದು ಕರೆದರು ಎಂದಲ್ಲ. ನಮ್ಮ ಹೆಸರು ನೋಡಿ ಅವಮಾನಿಸಿದರು ಎಂದು ತೀರ್ಮಾನಿಸಿ ಮನೆಯವರೆಲ್ಲ ಕುಗ್ಗಬೇಕಾಗಿಯೂ ಇಲ್ಲ. ಈ ಕಲಮು ಎಲ್ಲ ದೇಶ, ಎಲ್ಲ ಧರ್ಮದ ಅರ್ಜಿದಾರರಿಗೂ ಒಂದೇ.

ಕಾಗದದಲ್ಲಿ 221(ಜಿ) ಎಂದಿದ್ದರೆ ವಿಷಯ ಬೇರೆ. ಯಾವುದೋ ದಾಖಲೆ ಬೇಕಾಗಿದೆ ಅಥವಾ ಇನ್ನಷ್ಟು ಪರಿಶೀಲನೆ ಬಾಕಿ ಇದೆ ಎಂದು ಅದರ ಅರ್ಥ. ದಾಖಲೆ ಕೇಳಿದ್ದರೆ ಒಂದು ವರ್ಷದೊಳಗೆ ಒದಗಿಸಬೇಕು. ಅದಕ್ಕೆ ಹೊಸ ಅರ್ಜಿ ಬೇಕಿಲ್ಲ. ಆದ್ದರಿಂದ ಮೊದಲು ಕಾಗದವನ್ನು ಸರಿಯಾಗಿ ಓದಿ.

ಗಂಡ ಅಲ್ಲಿರುವುದೇ ತೊಡಕು

ನಮ್ಮ ಹಿರಿಯರಿಗೆ ಅರ್ಥವಾಗದೆ ಉಳಿದದ್ದು ಇದೇ. “ಗಂಡನೇ ಅಲ್ಲಿದ್ದಾನಲ್ಲ, ಅವನೇ ನೋಡಿಕೊಳ್ಳುತ್ತಾನಲ್ಲ, ಮತ್ತೇಕೆ ಕೊಡುವುದಿಲ್ಲ?” ಎಂದು ಕೇಳಿದರು. ನಮ್ಮ ಕಣ್ಣಿಗೆ ಗಂಡ ಅಲ್ಲಿರುವುದು ಹೋಗಲು ಇರುವ ಹಕ್ಕು. ಅಧಿಕಾರಿಯ ಕಣ್ಣಿಗೆ ಅದು ಮರಳಿ ಬಾರದಿರಲು ಇರುವ ಕಾರಣ. ಹೊಸದಾಗಿ ಮದುವೆಯಾದವಳು, ಊರಿನಲ್ಲಿ ಉದ್ಯೋಗವಿಲ್ಲ, ಮಕ್ಕಳಿಲ್ಲ. ಗಂಡನಿಗೆ ಅಲ್ಲಿ ಕಾಯಂ ವಾಸದ ಪರವಾನಿಗೆ. ಇವಳು ಎರಡು ತಿಂಗಳಿಗೆ ಮರಳುತ್ತಾಳೆಂದು ನಂಬಲು ಅವರಿಗೆ ಏನು ಸಿಗುತ್ತದೆ?

ಹಾಗಾಗಿಯೇ ಅಳಿಯ ಕಳುಹಿಸಿದ ಆಹ್ವಾನ ಪತ್ರ, ಸಂಬಳದ ಚೀಟಿ, ಖರ್ಚು ನನ್ನದೆಂಬ ಪ್ರಮಾಣಪತ್ರ ಯಾವುದೂ ಕೆಲಸಕ್ಕೆ ಬರಲಿಲ್ಲ. ಪ್ರವಾಸಿ ವೀಸಾಕ್ಕೆ ಆಹ್ವಾನ ಪತ್ರ ಅಗತ್ಯವೇ ಇಲ್ಲ ಎಂದು ಅಮೆರಿಕದ ವಿದೇಶಾಂಗ ಇಲಾಖೆ ಸ್ಪಷ್ಟವಾಗಿ ತಿಳಿಸಿದೆ. ಅಲ್ಲಿರುವವರ ಭರವಸೆಯ ಮೇಲೆ ಅಲ್ಲ, ಅರ್ಜಿದಾರರಿಗೆ ತಮ್ಮ ಊರಿನೊಂದಿಗಿರುವ ನಂಟಿನ ಮೇಲೆ ತೀರ್ಮಾನವಾಗುತ್ತದೆ.

ಮತ್ತೆ ಅರ್ಜಿ ಹಾಕಬಹುದೇ?

ಹಾಕಬಹುದು. 214(ಬಿ) ನಿರಾಕರಣೆ ಶಾಶ್ವತವಲ್ಲ. ಇಂತಿಷ್ಟು ತಿಂಗಳು ಕಾಯಬೇಕೆಂಬ ನಿಯಮವೂ ಇಲ್ಲ. ಆದರೆ ಅದರ ವಿರುದ್ಧ ಮೇಲ್ಮನವಿಗೆ ಅವಕಾಶವಿಲ್ಲ. ಹೊಸದಾಗಿ ಡಿಎಸ್-160 ನಮೂನೆ ತುಂಬಬೇಕು, ಹೊಸದಾಗಿ ಶುಲ್ಕ ಕಟ್ಟಬೇಕು, ಹೊಸದಾಗಿ ಸಂದರ್ಶನಕ್ಕೆ ಹೋಗಬೇಕು. 2023ರ ಜೂನ್‌ನಿಂದ ಈ ಅರ್ಜಿ ಶುಲ್ಕ 185 ಡಾಲರ್, ಅಂದರೆ 15 ಸಾವಿರ ರೂಪಾಯಿಗೂ ಹೆಚ್ಚು. ವೀಸಾ ಸಿಗದಿದ್ದರೂ ಅದು ಹಿಂತಿರುಗಿ ಬರುವುದಿಲ್ಲ.

ಆದ್ದರಿಂದ ‘ಇನ್ನೊಬ್ಬ ಅಧಿಕಾರಿ ಸಿಕ್ಕರೆ ಆದೀತು’ ಎಂದು ಮರುವಾರವೇ ಅದೇ ಉತ್ತರಗಳೊಂದಿಗೆ ಅರ್ಜಿ ಹಾಕುವುದು ಹಣವನ್ನು ನೀರಿಗೆ ಸುರಿದಂತೆ. ಮೊದಲ ಅರ್ಜಿಯ ನಂತರ ಪರಿಸ್ಥಿತಿಯಲ್ಲಿ ಏನು ಬದಲಾಗಿದೆ ಎಂಬುದನ್ನು ಅವರು ನೋಡುತ್ತಾರೆ. ಹುಡುಗಿ ಉದ್ಯೋಗಕ್ಕೆ ಸೇರಿ ರಜೆ ಮಂಜೂರಾಗಿದೆಯೇ? ಅರ್ಧಕ್ಕೆ ನಿಂತ ಓದನ್ನು ಮುಂದುವರಿಸಿ, ಪರೀಕ್ಷೆಗೆ ಮರಳಲೇಬೇಕಾಗಿದೆಯೇ? ಮಗುವಿನ ಶಾಲೆ, ತನ್ನದೇ ವ್ಯಾಪಾರ, ತಾನು ನೋಡಿಕೊಳ್ಳಬೇಕಾದ ತಾಯಿ ಇಲ್ಲಿದ್ದಾರೆಯೇ? ಇವು ಊರಿನ ನಂಟುಗಳು. ಸಂದರ್ಶನದ ಹಿಂದಿನ ವಾರ ಯಾರದ್ದೋ ಹಣ ತಂದು ಖಾತೆಗೆ ಹಾಕುವುದು ನಂಟಲ್ಲ. ಅದು ಅಧಿಕಾರಿಗೂ ತಿಳಿಯುತ್ತದೆ.

ಮೊದಲ ಸಂದರ್ಶನದಲ್ಲಿ ಏನು ಕೇಳಿದರು, ಏನು ಉತ್ತರಿಸಿದೆವು ಎಂಬುದನ್ನು ಮನೆಗೆ ಬಂದ ದಿನವೇ ಬರೆದಿಡಿ. ಎಷ್ಟೋ ಬಾರಿ ಸರಿಯಾದ ಸಂಗತಿಯನ್ನು ಹೆದರಿಕೆಯಿಂದ ತಡವರಿಸಿ ಹೇಳಿರುತ್ತೇವೆ. ಎಷ್ಟು ದಿನಕ್ಕೆ ಹೋಗುವುದು, ಮರಳಲು ಕಾರಣವೇನು ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಲು ಬರಬೇಕು. ದಪ್ಪ ಫೈಲಿನ ಕಾಗದಗಳನ್ನು ನೋಡದೆಯೂ ಅವರು ತೀರ್ಮಾನಿಸಬಹುದು. ಬಾಯಿಯ ಮಾತು ಮತ್ತು ಅರ್ಜಿಯಲ್ಲಿ ಬರೆದದ್ದು ಹೊಂದುತ್ತದೆಯೇ ಎಂಬುದೇ ಮುಖ್ಯ.

ಮರೆಮಾಚಿದರೆ ಏನಾಗುತ್ತದೆ?

ಈಗ ಏಜೆಂಟನ ಸಲಹೆಗೆ ಬರೋಣ. ಡಿಎಸ್-160 ನಮೂನೆ ವೈವಾಹಿಕ ಸ್ಥಿತಿಯನ್ನು ಕೇಳುತ್ತದೆ. ಗಂಡ ಅಥವಾ ಹೆಂಡತಿ ಅಮೆರಿಕದಲ್ಲಿದ್ದಾರೆಯೇ ಎಂದು ಕೇಳುತ್ತದೆ. ಹಿಂದೆ ವೀಸಾ ನಿರಾಕರಿಸಲಾಗಿದೆಯೇ, ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಸಲ್ಲಿಸಿದ್ದಾರೆಯೇ ಎಂದೂ ಕೇಳುತ್ತದೆ. ಮೊದಲ ಅರ್ಜಿಯಲ್ಲಿ ‘ವಿವಾಹಿತೆ’ ಎಂದು ಬರೆದ ಹುಡುಗಿ ಎರಡನೆಯದರಲ್ಲಿ ‘ಅವಿವಾಹಿತೆ’ ಎಂದು ಬರೆದರೆ ಎರಡೂ ಒಂದೇ ಪರದೆಯ ಮೇಲೆ ಅಧಿಕಾರಿಯ ಮುಂದಿರುತ್ತವೆ.

ಆಗ ಅನ್ವಯಿಸುವುದು 214(ಬಿ) ಅಲ್ಲ, 212(ಎ)(6)(ಸಿ) ಎಂಬ ಕಲಮು. ಮುಖ್ಯವಾದ ಸಂಗತಿಯನ್ನು ಬೇಕೆಂದೇ ತಪ್ಪಾಗಿ ಹೇಳಿ ವೀಸಾ ಪಡೆಯಲು ಯತ್ನಿಸಿದವರಿಗೆ ಇದರಡಿ ಜೀವನಪರ್ಯಂತ ಪ್ರವೇಶ ನಿಷೇಧವಿದೆ. ವಿನಾಯಿತಿ ಕೇಳಬಹುದು, ಆದರೆ ಅದು ಕಠಿಣ ಮತ್ತು ದೀರ್ಘವಾದ ದಾರಿ. ನಾಳೆ ಅದೇ ಗಂಡ ಕ್ರಮಬದ್ಧವಾಗಿ ಹೆಂಡತಿಯನ್ನು ಕರೆಸಿಕೊಳ್ಳಲು ಹೊರಟಾಗ ಇಂದಿನ ಈ ಒಂದು ಸುಳ್ಳು ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಏಜೆಂಟ್ ತನ್ನ ಹಣ ಪಡೆದು ಹೋಗಿರುತ್ತಾನೆ. ನಮೂನೆಯ ಕೊನೆಯಲ್ಲಿ ‘ಎಲ್ಲವೂ ಸತ್ಯ’ ಎಂದು ದೃಢೀಕರಿಸಿದವಳು ನಮ್ಮ ಮಗಳು.

ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಉಳಿದುಬಿಡೋಣ ಎಂದು ಮೊದಲೇ ನಿಶ್ಚಯಿಸಿ, ಕಿಟಕಿಯಲ್ಲಿ ‘ಮರಳುತ್ತೇನೆ’ ಎನ್ನುವುದೂ ಇದೇ ಜಾತಿಯದು. ಕಾನೂನು ಅದನ್ನು ವಂಚನೆ ಎನ್ನುತ್ತದೆ. ನಮ್ಮ ದೀನ್ ಕೂಡ ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ.

ಸರಿಯಾದ ಬಾಗಿಲು ಯಾವುದು?

ನಾವು ಆ ಹಿರಿಯರ ಮನೆಗೆ ಹೋಗಿದ್ದೆವು. ತಂದೆ ತಾಯಿಯ ಎದುರಲ್ಲೇ ಮಗಳನ್ನು ಕೇಳಿದೆವು: “ನಿನ್ನ ಮನಸ್ಸಿನಲ್ಲಿ ಏನಿದೆ ಮಗಳೇ? ಎರಡು ತಿಂಗಳಿದ್ದು ಬರುವುದಾ, ಅಲ್ಲಿ ಸಂಸಾರ ಮಾಡುವುದಾ?” ಅವಳು ತಾಯಿಯ ಮುಖ ನೋಡಿ ಹೇಳಿದಳು: “ಹೋದರೆ ಮತ್ತೆ ಬಿಟ್ಟು ಬರಲಿಕ್ಕೆ ನನ್ನಿಂದ ಆಗಲಿಕ್ಕಿಲ್ಲ ಉಸ್ತಾದರೇ.” ಅಲ್ಲಿಯವರೆಗೆ ಅವಳನ್ನು ಈ ಪ್ರಶ್ನೆ ಕೇಳಿದವರು ಆ ಅಧಿಕಾರಿಯೊಬ್ಬರೇ ಇರಬೇಕು. ನಮ್ಮ ಮನೆಯೊಳಗೆ ನಾವು ಕೇಳಿರಲಿಲ್ಲ.

ನಿಯ್ಯತ್ ಸಂಸಾರದ್ದಾದರೆ ಪ್ರವಾಸಿ ವೀಸಾ ಅದರ ಬಾಗಿಲಲ್ಲ. ಗ್ರೀನ್ ಕಾರ್ಡ್ ಇರುವ ಗಂಡ ಹೆಂಡತಿಗಾಗಿ ಐ-130 ಅರ್ಜಿ ಸಲ್ಲಿಸಬೇಕು. ಆ ವರ್ಗಕ್ಕೆ ವಾರ್ಷಿಕ ಮಿತಿ ಇರುವುದರಿಂದ ಸರದಿಗಾಗಿ ಕಾಯಬೇಕಾಗುತ್ತದೆ. ಎಷ್ಟು ಬೇಗ ಸಲ್ಲಿಸುತ್ತಾರೋ ಅಷ್ಟು ಬೇಗ ಸರದಿಯಲ್ಲಿ ಹೆಸರು ಸೇರುತ್ತದೆ. ಗ್ರೀನ್ ಕಾರ್ಡ್ ಪಡೆದು ಸಾಮಾನ್ಯವಾಗಿ ಐದು ವರ್ಷವಾದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಗಂಡ ಪೌರನಾದರೆ ಹೆಂಡತಿಗೆ ವಾರ್ಷಿಕ ಮಿತಿ ಅನ್ವಯಿಸುವುದಿಲ್ಲ. ಕಡತದ ಪರಿಶೀಲನೆಗೆ ಹಿಡಿಯುವ ಸಮಯ ಮಾತ್ರ ಉಳಿಯುತ್ತದೆ. ಗಂಡ ಎಚ್-1ಬಿ ವೀಸಾದಲ್ಲಿ ದುಡಿಯುವವನಾದರೆ ಹೆಂಡತಿಗೆ ಎಚ್-4, ವಿದ್ಯಾರ್ಥಿಯಾದರೆ ಎಫ್-2 ಎಂಬ ಬೇರೆ ವೀಸಾಗಳೇ ಇವೆ. ಅವನ್ನು ಬಿಟ್ಟು ಪ್ರವಾಸಿ ವೀಸಾದ ಹಿಂದೆ ಓಡುವವರನ್ನೂ ನಾವು ಕಂಡಿದ್ದೇವೆ.

ಇದಕ್ಕೆಲ್ಲ ಮದುವೆಯ ಗಟ್ಟಿ ದಾಖಲೆ ಬೇಕು. ನಿಕಾಹ್ ಆದ ಕೂಡಲೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ವಿವಾಹ ನೋಂದಣಿ ಮಾಡಿಸಿ. ಪಾಸ್‌ಪೋರ್ಟ್, ನಿಕಾಹ್ ಪತ್ರ, ನೋಂದಣಿ ಪತ್ರ ಮೂರರಲ್ಲೂ ಹೆಸರಿನ ಅಕ್ಷರಗಳು ಒಂದೇ ರೀತಿ ಇರಲಿ. ನಿಕಾಹಿನ ದಿನ ಪುಸ್ತಕಕ್ಕೆ ಹೆಸರು ಬರೆಸುವಾಗ ಪಾಸ್‌ಪೋರ್ಟ್ ತನ್ನಿ ಎಂದು ನಾವು ಹೇಳುವುದು ಇದಕ್ಕಾಗಿಯೇ.

ನಿಜವಾಗಿಯೂ ಹೋಗಿ ಬರುವ ಉದ್ದೇಶವಿದ್ದವರು, ಇಲ್ಲಿ ನಂಟು ಉಳ್ಳವರು, ಧೈರ್ಯವಾಗಿ ಎರಡನೇ ಅರ್ಜಿ ಹಾಕಿ. ಗಂಡ ಅಲ್ಲಿದ್ದಾನೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ಐ-130 ಸಲ್ಲಿಸಿದ್ದರೆ ಅದನ್ನೂ ಹೇಳಿ. ಹಾಗೆ ಹೇಳಿದ್ದರಿಂದ ಪ್ರವಾಸಿ ವೀಸಾ ಸಿಗುವುದು ಕಷ್ಟವಾಗಬಹುದು. ಆದರೂ ಸತ್ಯ ಹೇಳಿ ನಿರಾಕರಣೆ ಪಡೆದವರಿಗೆ ಮುಂದಿನ ಬಾಗಿಲು ತೆರೆದೇ ಇರುತ್ತದೆ.

ಅಲ್ಲಿಯವರೆಗೆ ದಂಪತಿ ಬೇರೆಯಾಗಿಯೇ ಇರಬೇಕೆಂದೇನೂ ಇಲ್ಲ. ಪ್ರಯಾಣ ಮಾಡಲು ಸುಲಭವಿರುವುದು ಗಂಡನಿಗೆ; ಅವನು ರಜೆ ಕೂಡಿಸಿಕೊಂಡು ಬರಲಿ. ಶಕ್ತಿಯುಳ್ಳವರು ಉಮ್ರಾಕ್ಕೆ ಒಟ್ಟಿಗೆ ಹೋಗಬಹುದು. ಅವನು ಅಲ್ಲಿಂದ, ಇವಳು ತನ್ನ ಮನೆಯವರ ಜೊತೆ ಇಲ್ಲಿಂದ. ಏಜೆಂಟನಿಗೆ ಕೊಡುವ ಹಣಕ್ಕಿಂತ ಅದು ಒಳ್ಳೆಯ ಖರ್ಚು.

ಅಳಿಯಂದಿರಿಗೂ ಒಂದು ಮಾತು. ಮದುವೆ ಮಾತುಕತೆಯ ದಿನವೇ ನಿಮ್ಮ ವೀಸಾ ಯಾವುದು, ಹೆಂಡತಿ ಬರಲು ಎಷ್ಟು ಕಾಲ ಹಿಡಿಯಬಹುದು ಎಂದು ಹೆಣ್ಣಿನ ಮನೆಯವರಿಗೆ ತಿಳಿಸಿ. ‘ಆರು ತಿಂಗಳಲ್ಲಿ ಕರೆಸಿಕೊಳ್ಳುತ್ತೇನೆ’ ಎಂಬ ಹಗುರವಾದ ಮಾತು ಒಬ್ಬ ಹೆಣ್ಣುಮಗಳನ್ನು ವರ್ಷಗಟ್ಟಲೆ ಕಾಯಿಸುತ್ತದೆ. ಅವಳು ನಿಮ್ಮ ಕೈಗೆ ಒಪ್ಪಿಸಿದ ಅಮಾನತ್.

ಆ ಮನೆಯವರು ಎರಡನೇ ಅರ್ಜಿಯನ್ನು ಸದ್ಯಕ್ಕೆ ಕೈಬಿಟ್ಟಿದ್ದಾರೆ. ಅಳಿಯ ಐ-130 ಸಲ್ಲಿಸಿ, ರಮಝಾನಿಗೆ ಬರುತ್ತೇನೆಂದು ತಿಳಿಸಿದ್ದಾನೆ. ಮಗಳು ನಿಲ್ಲಿಸಿದ್ದ ಬಿ.ಎಡ್. ಓದನ್ನು ಮತ್ತೆ ಆರಂಭಿಸಿದ್ದಾಳೆ. ಕಾಯುವುದು ಸುಲಭವಲ್ಲ, ಅದನ್ನು ನಾವು ಬಲ್ಲೆವು. ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ನಾವು ಮಕ್ಕಳಿಗೆ ಮದ್ರಸದಲ್ಲಿ ಕಲಿಸುತ್ತೇವೆ. ಹಗ್ಗ ಸತ್ಯದ್ದಾಗಿರಲಿ. ಕಾಯುತ್ತಿರುವ ಎಲ್ಲ ಮನೆಗಳಿಗೂ ಅಲ್ಲಾಹನು ಹಾದಿಯನ್ನು ಸುಲಭಗೊಳಿಸಲಿ. ಆಮೀನ್.