ಬೇಗ ಕಮಟಾಗದ ಕಡಲೆಬೀಜ

ಕಡಲೆಕಾಯಿ ಗಿಡದಲ್ಲಿ ಹೂ ಬಾಡಿದ ಮೇಲೆ ಅದರ ಬುಡದಿಂದ ತೆಳ್ಳನೆಯ ಎಳೆಯೊಂದು ಮಣ್ಣಿಗಿಳಿಯುತ್ತದೆ. ಅದರ ತುದಿಯೇ ಊದಿ ಕಾಯಾಗುತ್ತದೆ. ಒಳಗಿನ ಬೀಜ ಬಲಿಯುವ ಕೆಲವೇ ವಾರಗಳಲ್ಲಿ ಅದರ ಎಣ್ಣೆ ಎಂಥದ್ದೆಂಬುದು ತೀರ್ಮಾನವಾಗಿಬಿಡುತ್ತದೆ.

ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಅದರಲ್ಲಿ ಓಲಿಕ್ ಮತ್ತು ಲಿನೋಲಿಕ್ ಆಮ್ಲಗಳದೇ ದೊಡ್ಡ ಪಾಲು. ಎರಡರಲ್ಲೂ 18 ಇಂಗಾಲಗಳ ಸರಪಳಿ. ಓಲಿಕ್‌ನಲ್ಲಿ ಜೋಡಿಬಂಧ ಒಂದು, ಲಿನೋಲಿಕ್‌ನಲ್ಲಿ ಎರಡು. ಆ ಎರಡರ ನಡುವಿನ ಇಂಗಾಲಕ್ಕೆ ಆಮ್ಲಜನಕ ಸುಲಭವಾಗಿ ಬಾಯಿ ಹಾಕುತ್ತದೆ. ಡಬ್ಬಿಯಲ್ಲಿಟ್ಟ ಚಿಕ್ಕಿ ಕಮಟು ವಾಸನೆ ಹಿಡಿಯುವುದು ಹೀಗೆ.

ಬೀಜ ಮೊದಲು ತಯಾರಿಸುವುದು ಓಲಿಕ್ ಆಮ್ಲವನ್ನೇ. ಎಫ್‌ಎಡಿ2 ಎಂಬ ಕಿಣ್ವ ಅದರಿಂದ ಎರಡು ಹೈಡ್ರೋಜನ್ ಕಿತ್ತು ಎರಡನೇ ಜೋಡಿಬಂಧ ಹಾಕುತ್ತದೆ. ಈ ಕಿಣ್ವ ನಿಂತರೆ ಓಲಿಕ್ ಹಾಗೇ ಉಳಿಯಬೇಕಲ್ಲ? ಅಷ್ಟು ಸಲೀಸಲ್ಲ. ಕಡಲೆಕಾಯಿ ಎರಡು ಕಾಡು ಪ್ರಭೇದಗಳು ಬೆರೆತು ಹುಟ್ಟಿದ ಬೆಳೆ. ಹಾಗಾಗಿ ಈ ಕಿಣ್ವದ ಜೀನ್ ಎರಡೂ ಕಡೆಯಿಂದ ಬಂದಿದೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸುತ್ತದೆ.

ಎರಡೂ ಕೆಟ್ಟ ಗಿಡವೊಂದು ಫ್ಲಾರಿಡಾ ವಿಶ್ವವಿದ್ಯಾಲಯದ ತಳಿ ಸಂಗ್ರಹದಲ್ಲಿತ್ತು. 1987ರಲ್ಲಿ ಪ್ರಕಟವಾದ ಆ ತಳಿ ಎಫ್435. ಅದರ ಎಣ್ಣೆಯಲ್ಲಿ ಓಲಿಕ್ ಶೇ. 80, ಲಿನೋಲಿಕ್ ಬರೀ ಶೇ. 2! ಕಾರಣ ಆಮೇಲೆ ಬಯಲಾಯಿತು: ಒಂದು ಜೀನ್‌ನಲ್ಲಿ ಡಿಎನ್‌ಎಯ ಒಂದೇ ಅಕ್ಷರ ಬದಲಾಗಿತ್ತು, ಇನ್ನೊಂದರಲ್ಲಿ ಒಂದಕ್ಷರ ಹೆಚ್ಚಾಗಿ ಸೇರಿ ಮುಂದಿನದೆಲ್ಲ ತಪ್ಪಾಗಿ ಓದಿಸಿಕೊಳ್ಳುತ್ತಿತ್ತು. ಪ್ರಕೃತಿಯೇ ಮಾಡಿದ ಈ ಎರಡು ಸಣ್ಣ ಬದಲಾವಣೆ ಒಂದೇ ಗಿಡದಲ್ಲಿ ಕೂಡಿದ್ದನ್ನು ನೆನೆದರೆ ನನಗೆ ಈಗಲೂ ಬೆರಗಾಗುತ್ತದೆ.

ಆ ವಂಶದ ಸನ್‌ಓಲಿಕ್ 95ಆರ್ ತಳಿಯನ್ನು ನಮ್ಮ ನೆಲಕ್ಕೆ ಒಗ್ಗಿದ ತಳಿಯೊಡನೆ ಸಂಕರಿಸಿ ಹೈದರಾಬಾದಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಕೇಂದ್ರ, ಜುನಾಗಢದ ಕಡಲೆಕಾಯಿ ಸಂಶೋಧನಾ ಸಂಸ್ಥೆಯ ಜೊತೆಗೂಡಿ ಗಿರ್ನಾರ್ 4, ಗಿರ್ನಾರ್ 5 ತಳಿಗಳನ್ನು ಕೊಟ್ಟಿದೆ. ಹೊರಗಿನ ಜೀನ್ ತುರುಕಿಲ್ಲ. ಹೈಬ್ರಿಡ್ ಅಲ್ಲ, ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ರೈತರು ಬೀಜ ಉಳಿಸಿಕೊಂಡು ಮತ್ತೆ ಬಿತ್ತಬಹುದು.

ಚಳ್ಳಕೆರೆ, ಪಾವಗಡದಂಥ ಕಡೆ ಇದು ಬೆಳೆದರೂ ಮಂಡಿಯಲ್ಲಿ ಬೇರೆ ಕಾಯಿಯ ರಾಶಿಗೆ ಸುರಿದರೆ ಗುಣ ಅಲ್ಲೇ ಕರಗಿತು. ಬೇರೆಯಾಗಿ ಕೊಂಡು, ಓಲಿಕ್ ಅಳೆದು, ಅದಕ್ಕೆ ತಕ್ಕ ಬೆಲೆ ಕಟ್ಟುವ ಏರ್ಪಾಟು ಬಿತ್ತನೆಬೀಜದ ಜೊತೆಗೇ ಊರಿಗೆ ಬರಬೇಕು.