ಸೀಲ್ ಬದಲಿಸುವ ಮೊದಲು ರಾಡ್ ನೋಡಿ

ಕೊಕಟನೂರ, ಅಥಣಿ, ರಾಯಬಾಗದ ಕಡೆ ಬೈಕಿನ ಹಿಂದಿನ ಶಾಕಪ್ಪಿಗೆ ಬಿಡುವಿಲ್ಲ. ಗಾಡಿಯ ಎರಡೂ ಬದಿಗೆ ಹಾಲಿನ ಕ್ಯಾನ್, ಸೀಟಿನ ಮೇಲೆ ಗೊಬ್ಬರದ ಚೀಲ ಇಲ್ಲವೇ ಮೇವಿನ ಹೊರೆ. ಕಬ್ಬಿನ ಹಂಗಾಮು ಬಂತೆಂದರೆ ಟ್ರ್ಯಾಕ್ಟರುಗಳು ಕಿತ್ತುಹಾಕಿದ ರಸ್ತೆ ಬೇರೆ. ಎಣ್ಣೆ ಸೋರಿದ ಕೂಡಲೇ ಒಬ್ಬರು ‘ಸೀಲ್ ಹೋಗೇತಿ, ಹೊಸಾದು ಹಾಕಸ್ರಿ’ ಅನ್ನುತ್ತಾರೆ, ಇನ್ನೊಬ್ಬರು ‘ಜೋಡೀನ ತಗದ ಒಗೀರಿ’ ಅನ್ನುತ್ತಾರೆ. ಎರಡಕ್ಕೂ ಮೊದಲು ನೋಡಬೇಕಾದದ್ದು ಶಾಕಪ್ಪಿನ ರಾಡ್. ಸೀಲ್ ವಯಸ್ಸಾಗಿ ಗಟ್ಟಿಯಾಗುವುದುಂಟು. ಆದರೆ ನಮ್ಮ ಧೂಳು, ಕೆಸರಿನಲ್ಲಿ ಅದನ್ನು ಹಾಳುಮಾಡುವುದು ಹೆಚ್ಚಾಗಿ ಗೀರುಬಿದ್ದ ರಾಡೇ. ಅದನ್ನು ಹಾಗೇ ಬಿಟ್ಟು ಹೊಸ ಸೀಲ್ ಕೂರಿಸಿದರೆ ದುಡ್ಡೂ ಹೋಯಿತು, ದುಡಿಮೆಯೂ ಹೋಯಿತು.

ಶಾಕಪ್ಪಿನಲ್ಲಿ ಭಾರ ಹೊರುವುದು ಸ್ಪ್ರಿಂಗ್. ಅದರ ಕುಪ್ಪಳಿಕೆಗೆ ಕಡಿವಾಣ ಹಾಕುವುದು ಒಳಗಿನ ಎಣ್ಣೆ. ರಾಡಿನ ತುದಿಯ ಪಿಸ್ಟನ್ನಿನಲ್ಲಿರುವ ಸಣ್ಣ ತೂತುಗಳ ಮೂಲಕ ಎಣ್ಣೆ ಕಷ್ಟಪಟ್ಟು ಹಾಯುವಾಗ ಕುಲುಕಾಟದ ಶಕ್ತಿ ಶಾಖವಾಗಿ ಹೋಗುತ್ತದೆ. ಒಳಗೆ ಹೊರಗೆ ಆಡುವ ರಾಡಿಗೆ ಗಟ್ಟಿ ಕ್ರೋಮ್ ಲೇಪ, ಅದನ್ನು ಅಪ್ಪಿಕೊಂಡ ಸೀಲಿಗೆ ತೆಳ್ಳನೆ ರಬ್ಬರ್ ತುಟಿ. ಎರೆಮಣ್ಣಿನ ಕೆಸರು ರಾಡಿನ ಮೇಲೆ ಒಣಗಿ ಕೂತರೆ ಅದರೊಳಗಿನ ಮರಳ ಕಣಗಳು ಪ್ರತಿ ಏಟಿಗೂ ಆ ತುಟಿಯನ್ನು ತೇಯುತ್ತವೆ. ವಾಟರ್ ಸರ್ವಿಸಿಂಗಿನಲ್ಲಿ ಜೋರು ನೀರನ್ನು ನೇರ ಅಲ್ಲಿಗೇ ಹಿಡಿದರೆ ಮಣ್ಣು ಸೀಲಿನ ಒಳಕ್ಕೇ ನುಗ್ಗುತ್ತದೆ. ಕ್ರೋಮ್ ಎದ್ದ ಕಡೆ ತುಕ್ಕಿನ ಚುಕ್ಕೆ ಬಿದ್ದರಂತೂ ಅದರ ಅಂಚು ಬ್ಲೇಡೇ. ರಾಡನ್ನು ಒರೆಸಿ ಉದ್ದಕ್ಕೂ ಉಗುರು ಎಳೆಯಿರಿ, ಆಮೇಲೆ ಹತ್ತಿ ಎಳೆಯಿರಿ. ಉಗುರು ತಡೆದರೆ, ಹತ್ತಿಯ ಎಳೆ ಸಿಕ್ಕಿಕೊಂಡರೆ ಆ ರಾಡಿನ ಮೇಲೆ ಯಾವ ಸೀಲೂ ಬಾಳುವುದಿಲ್ಲ. ರಾಡಿನ ಮೇಲೆ ಎಣ್ಣೆಯ ತೆಳು ಪಸೆ ಇದ್ದರೆ ಅದು ಸೋರಿಕೆಯಲ್ಲ. ಎಣ್ಣೆ ಇಳಿದು ಕೆಳಗೆ ಮಣ್ಣು ಮೆತ್ತಿಕೊಂಡಿದ್ದರೆ ಸೋರಿಕೆ.

ಮನೆಯಲ್ಲೇ ಬಿಚ್ಚಬಹುದೇ ಎಂಬುದಕ್ಕೆ ಉತ್ತರ ಶಾಕಪ್ಪಿನ ತಲೆಯಲ್ಲೇ ಇದೆ. ನಮ್ಮ ಸಾದಾ ಬೈಕುಗಳ ಅನೇಕ ಶಾಕಪ್ಪುಗಳ ಬಾಯಿಯನ್ನು ಕಂಪನಿಯಲ್ಲೇ ಮಡಚಿ ಮುಚ್ಚಿರುತ್ತಾರೆ. ಕೊಯ್ಯದೆ ಅವು ತೆರೆಯವು, ಕೊಯ್ಯುವುದು ಮನೆಯ ಕೆಲಸವಲ್ಲ. ಸರ್ಕ್ಲಿಪ್ ಅಥವಾ ತಿರುಪಿನ ಮುಚ್ಚಳ ಇದ್ದರೆ ಮಾತು ಬೇರೆ. ಎಲ್ಲ ಬಗೆಯ ನೆಲದಲ್ಲೂ ಓಡುವ ನಾಲ್ಕು ಗಾಲಿಯ ಎಟಿವಿ ನಮ್ಮ ಹೊಲಗಳಲ್ಲಿ ಅಪರೂಪ. ಈಗಿನ ಅನೇಕ ಎಟಿವಿಗಳ ಶಾಕಪ್ಪನ್ನು ಬಿಚ್ಚಿ ಜೋಡಿಸಲೆಂದೇ ಮಾಡಿರುತ್ತಾರೆ, ಆದರೆ ಅವುಗಳಲ್ಲಿ ಒತ್ತಡದ ನೈಟ್ರೋಜನ್ ಇರುತ್ತದೆ. ಪಲ್ಸರಿನ ‘ನೈಟ್ರಾಕ್ಸ್’ ಶಾಕಪ್ಪಿನಲ್ಲೂ ಗ್ಯಾಸ್ ಇದೆ. ಬಿಸಿಯಾದ ಎಣ್ಣೆ ನೊರೆಗಟ್ಟದಿರಲಿ ಎಂದು ತುಂಬುವ ಗ್ಯಾಸ್ ಅದು. ಅದನ್ನು ಹೊರಬಿಡದೆ ಮುಚ್ಚಳ ತೆಗೆದರೆ ಮುಚ್ಚಳವೇ ಗುಂಡಿನಂತೆ ಹಾರಬಹುದು.

ಗ್ಯಾಸಿಲ್ಲದ, ಬಿಚ್ಚಲು ಬರುವ ಶಾಕಪ್ಪಾದರೆ ಮನೆಯಲ್ಲಿ ಮಾಡಬಹುದು. ಮೊದಲು ಸ್ಪ್ರಿಂಗ್. ಅದನ್ನು ಸ್ಪ್ರಿಂಗ್ ಕಂಪ್ರೆಸರಿನಲ್ಲಿ ಬಿಗಿಹಿಡಿದೇ ತೆಗೆಯಬೇಕು, ಹಗ್ಗ-ಸ್ಕ್ರೂಡ್ರೈವರಿನ ಸಾಹಸ ಬೇಡವೇ ಬೇಡ. ಹೊರಬಂದ ಎಣ್ಣೆಯನ್ನು ಬಿಳಿ ತಟ್ಟೆಗೆ ಸುರಿದು ನೋಡಿ: ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಲೋಹದ ಪುಡಿ ಮಿನುಗಿದರೆ ಬುಷ್ ತೇದಿದೆ. ಹೊಸ ಸೀಲ್ ಏರಿಸುವಾಗ ರಾಡಿನ ತುದಿಯ ತಿರುಪಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ಸೀಲಿನ ತುಟಿಗೆ ಎಣ್ಣೆ ಸವರಿ. ಇಲ್ಲವಾದರೆ ಆ ತಿರುಪೇ ಹೊಸ ತುಟಿಯನ್ನು ಸೀಳುತ್ತದೆ. ಎಣ್ಣೆಯನ್ನು ಕಂಪನಿ ಹೇಳಿದ ಅಳತೆಗೇ ತುಂಬಬೇಕು. ಒಳಗೆ ಇಳಿಯುವ ರಾಡಿಗೂ ಜಾಗ ಬೇಕು, ಎಣ್ಣೆಯೋ ಅಮುಕಿದರೆ ಕುಗ್ಗುವುದಿಲ್ಲ. ಕಂಠಮಟ್ಟ ತುಂಬಿದರೆ ರಾಡ್ ಅರ್ಧಕ್ಕೇ ನಿಲ್ಲುತ್ತದೆ, ಒತ್ತಿದರೆ ಸೀಲೇ ಕಿತ್ತುಬರುತ್ತದೆ.

ಸೋರಿದರೂ ಗಾಡಿ ಓಡುತ್ತದಲ್ಲ ಎನ್ನುವವರಿದ್ದಾರೆ. ಓಡುತ್ತದೆ ನಿಜ, ಸ್ಪ್ರಿಂಗ್ ಇರುವವರೆಗೂ ಓಡುತ್ತದೆ. ಆದರೆ ತಗ್ಗು ಬಿದ್ದ ರಸ್ತೆಯಲ್ಲಿ ಗಾಲಿ ನೆಲ ಬಿಟ್ಟು ಕುಣಿಯುವಾಗ ಬ್ರೇಕಿಗೆ ಹಿಡಿತ ಎಲ್ಲಿಯದು? ಸೋರಿದ ಎಣ್ಣೆ ಟೈರಿಗೋ ಬ್ರೇಕಿಗೋ ತಗುಲಿದರೆ ಇನ್ನೂ ಕೆಡುಕು. ಹೊಸದೇ ಅಗ್ಗವಲ್ಲವೇ ಎಂಬ ಮಾತು ಬಾಯಿ ಮಡಚಿದ ಶಾಕಪ್ಪಿಗೆ ಸರಿ. ಬಿಚ್ಚಲು ಬರುವ ದುಬಾರಿ ಶಾಕಪ್ಪಿಗೆ, ರಾಡ್ ನುಣುಪಾಗಿರುವವರೆಗೆ, ಸರಿಯಲ್ಲ. ಗ್ಯಾಸ್ ತುಂಬಿಸಲು ಟೈರ್ ಅಂಗಡಿಯಲ್ಲೂ ನೈಟ್ರೋಜನ್ ಇದೆಯಲ್ಲ ಎನ್ನಬಹುದು. ಶಾಕಪ್ಪಿಗೆ ಬೇಕಾದ ಒತ್ತಡ ಟೈರಿನದಕ್ಕಿಂತ ಹಲವು ಪಟ್ಟು. ಅಲ್ಲದೆ ಒಳಗಿನ ಜಾಗ ಎಷ್ಟು ಸಣ್ಣದೆಂದರೆ ಸಾದಾ ನಳಿಗೆ ತೆಗೆಯುವಷ್ಟರಲ್ಲೇ ತುಂಬಿದ್ದರಲ್ಲಿ ಬಹುಪಾಲು ಹೊರಬೀಳುತ್ತದೆ. ಹಾಗಾಗಿ ಗ್ಯಾಸಿನ ಶಾಕಪ್ಪನ್ನು ಸಸ್ಪೆನ್ಷನ್ ಕೆಲಸವನ್ನೇ ಮಾಡುವವರಲ್ಲಿಗೆ ಒಯ್ಯಬೇಕು. ಹೊಸದು ಹಾಕುವುದಾದರೆ ಎರಡೂ ಬದಿಗೆ ಹಾಕಿ. ಸ್ಪ್ಲೆಂಡರಿನಂತೆ ಐದು ಹಂತದ ಹೊಂದಾಣಿಕೆ ಇದ್ದರೆ ಎರಡನ್ನೂ ಒಂದೇ ಹಂತಕ್ಕೆ ನಿಲ್ಲಿಸಿ.